ಖಾನೇಶುಮಾರಿಗೆ ಹೋದ ಮೇಷ್ಟ್ರಮ್ಮ

ಅರವತ್ತೊಂದನೆಯ ಇಸವಿಯ ಜನಗಣತಿಗೆ ಬೇಲೂರು ತಾಲ್ಲೂಕಿನ ಮೇಷ್ಟ್ರುಗಳನ್ನೆಲ್ಲ ಹಾಕಿದಾಗ ನಾನೂ ಸಿಕ್ಕಿಬಿದ್ದೆ. ಆಗ ನಾನು ಹಳೇಬೀಡಿನ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ತಾಯಿ ಅರಸೀಕೆರೆಯಲ್ಲಿದ್ದರು, ನಾನು ಹಳೇಬೀಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದುಕೊಂಡಿದ್ದೆ. ಜನಗಣತಿ ಎಂಬ ಹೊಸ ಹೆಸರು ಕಾಗದದ ಮೇಲಷ್ಟೇ ಇತ್ತು. ಊರಿನವರ ಬಾಯಲ್ಲಿ ಅದು ಹಳೆಯ ಖಾನೇಶುಮಾರಿಯೇ.

ನಮ್ಮ ಹೆಡ್‌ಮೇಷ್ಟ್ರು ಭೂಗೋಳ ಪಾಠ ಮಾಡುತ್ತಿದ್ದರು. ನಾನು ಹೊರಡುವ ಮುಂಚೆ ತಮ್ಮ ಮನೆಗೆ ಕರೆದು, ಗೋಡೆಯ ಮೇಲಿದ್ದ ಪ್ರಪಂಚದ ನಕಾಶೆ ತೋರಿಸಿ, ಈ ಕೆಲಸ ಏಕೆ ಮುಖ್ಯ ಎಂದು ತಿಳಿಸಿಕೊಟ್ಟರು.

"ಇಲ್ಲಿ ನೋಡಮ್ಮ. ಈ ಮೇಲಿನ ದೇಶಗಳಲ್ಲಿ ಹುಟ್ಟೋದೂ ಕಡಿಮೆ, ಸಾಯೋದೂ ಕಡಿಮೆ. ಮುದುಕರು ಜಾಸ್ತಿ. ನಮ್ಮಲ್ಲಿ ಸಾಯೋದು ಈಚೆಗೆ ಕಡಿಮೆ ಆಗ್ತಾ ಇದೆ, ಹುಟ್ಟೋದು ಮಾತ್ರ ಹಿಂದಿನ ಹಾಗೇ ಇದೆ. ಇದನ್ನ ಜನಕ್ಕೆ ನಾವು ತಿಳಿಸಿ ಹೇಳಬೇಕು."

ಅವರಿಗೆ ಎಂಟು ಮಕ್ಕಳು. ಐದನೆಯದು ಆಗ ಆಫ್ರಿಕಾದ ಮೇಲೆ ಅಂಗೈ ಒತ್ತಿ ನಿಂತಿತ್ತು, ಆರನೆಯದು ನಕಾಶೆ ತೋರಿಸುವ ಕೋಲು ಬೇಕೆಂದು ಅಳುತ್ತಿತ್ತು. ಒಳಗಿನಿಂದ ಅವರ ಹೆಂಡತಿ, "ಮೊದಲು ಇವನ್ನ ಹಿಡ್ಕೊಳ್ಳಿ, ಆಮೇಲೆ ದೇಶದ ಮಾತು," ಅಂದರು.

ನನ್ನ ಪಾಲಿಗೆ ಮಾದಿಹಳ್ಳಿ ರಸ್ತೆಯ ಕಡೆಯ ಬೀದಿಗಳು ಬಂದವು. ಬೀದಿಯ ತುದಿಯಲ್ಲಿ ಒಂದು ದೊಡ್ಡ ಒಕ್ಕಲಿನ ಮನೆ. ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು, ಎಲ್ಲರ ಮೇಲೆ ಒಬ್ಬ ಅಜ್ಜಿ. ನಾನು ಹೋದಾಗ ಅಜ್ಜಿ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು.

"ಅಜ್ಜಿ, ನಿಮಗೆ ವಯಸ್ಸೆಷ್ಟು?"

"ಐತೆ ಕಣವ್ವ, ಬೇಕಾದಷ್ಟು."

"ಸುಮಾರಾಗಿ ಹೇಳಿ."

"ಪ್ಲೇಗು ಬಂದು ಊರು ಬಿಟ್ಟು ಗುಡಿಸ್ಲಾಗೆ ಇದ್ವಲ್ಲ, ಆಗ ನಾನು ದನ ಮೇಯಿಸ್ತಿದ್ದೆ. ನೀನೇ ಬರ್ಕಾ."

ನಾನು ಅರವತ್ತೆಂಟು ಎಂದು ಬರೆದೆ. ಅಷ್ಟೇಕೆ ಎಂದು ಅಜ್ಜಿ ಕೇಳಿದ್ದಕ್ಕೆ, ಹಾಗಾದರೆ ಎಷ್ಟು ಬರೆಯಲಿ ಎಂದೆ. ಸ್ವಲ್ಪ ಯೋಚಿಸಿ, "ಐವತ್ತು ಬರಿ, ಸಾಕು," ಅಂದಳು. ಅವಳ ಹಿರಿಯ ಮಗನಿಗೆ ನಲವತ್ತಾರು ಎಂದು ನಾನು ಆಗಲೇ ಬರೆದುಕೊಂಡಿದ್ದೆ.

ಗಂಡಸರು ಯಾರೂ ಮನೆಯಲ್ಲಿರಲಿಲ್ಲ. ಅವರ ಹೆಸರು ಕೇಳಿದರೆ ಸೊಸೆಯರು ಬಾಯಿ ಬಿಡರು. ಹಿರಿಯ ಸೊಸೆ ಬಾಗಿಲ ಹಿಂದೆ ನಿಂತು, "ಬೇಲೂರಿನ ದೇವಸ್ಥಾನದಾಗೆ ಯಾರವ್ರೆ, ಅವ್ರೇ," ಅಂದಳು. ಎರಡನೆಯವಳು, "ನಮ್ಮವ್ರದ್ದೂ ಅದೇಯ. ಮುಂದಕ್ಕೆ ಒಂದು ಚಿಕ್ಕ ಸೇರಿಸ್ಕಳಿ," ಅಂದಳು. ಮೂರನೆಯವಳು ತುಂಬು ಬಸುರಿ. ಅವಳು ನಗುತ್ತ ಒಳಗೆ ಹೋಗಿಬಿಟ್ಟಳು. ಅವಳ ಗಂಡನ ಹೆಸರನ್ನು ಎದುರು ಮನೆಯವರು ಹೇಳಿದರು.

ಮನೆಯ ಚಿಕ್ಕ ಮಕ್ಕಳ ವಿಷಯಕ್ಕೆ ಬಂದಾಗ ಅಜ್ಜಿ ಮೊರ ಕೆಳಗಿಟ್ಟಳು.

"ಆರು."

"ಅಷ್ಟೇನಾ?"

"ಅಷ್ಟೇ ಕಣವ್ವ. ಮಕ್ಳನ್ನ ಎಣಿಸಬಾರದು, ದಿಷ್ಟಿ ಆಯ್ತದೆ. ಆದರೂ ಸರ್ಕಾರ ಕೇಳ್ತು ಅಂತ ಹೇಳಿವ್ನಿ."

ಅಷ್ಟರಲ್ಲಿ ಹುಲ್ಲಿನ ಬಣವೆಯ ಹಿಂದಿನಿಂದ ಯಾರೋ ಸೀನಿದರು. ನಾನು ಆ ಕಡೆ ನೋಡಿದೆ.

"ಕರ. ಅದಕ್ಕೆ ನೆಗಡಿ ಆಗೈತೆ," ಅಂದಳು ಅಜ್ಜಿ, ಮುಖ ಒಂದಿಷ್ಟೂ ಬದಲಾಗದಂತೆ.

ಬಣವೆಯ ಹಿಂದೆ ಎರಡು ಮೂರು ಕರುಗಳು ಒಟ್ಟಿಗೆ ಕಿಸಕ್ಕನೆ ನಕ್ಕವು. ಆದರೆ ಹೇಳಿದ್ದನ್ನು ಬರೆಯಿರಿ, ನಿಮ್ಮ ಬುದ್ಧಿ ಓಡಿಸಬೇಡಿ ಎಂದು ಬೇಲೂರಿನ ಕಚೇರಿಯಲ್ಲಿ ನಮಗೆ ಹೇಳಿ ಕಳಿಸಿದ್ದರು. ನಾನು ಆರು ಎಂದು ಬರೆದುಕೊಂಡು ಎದ್ದೆ.

ಮಾರನೆಯ ದಿನ ಬೆಳಗ್ಗೆ ದೇವಸ್ಥಾನದ ಹತ್ತಿರದ ಪ್ರವಾಸಿ ಬಂಗಲೆಗೆ ಹೋಗಬೇಕಾಗಿತ್ತು. ಅಲ್ಲಿ ಸ್ವೀಡನ್ ದೇಶದ ಗಂಡಹೆಂಡತಿ ಬಂದು ಇಳಿದುಕೊಂಡಿದ್ದರು. ಗಂಡ ಹಗಲೆಲ್ಲ ದೇವಸ್ಥಾನದ ಗೋಡೆಯ ಆನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ. ಮಾರ್ಚ್ ತಿಂಗಳವರೆಗೂ ಇರುತ್ತಾರೆಂದು ತಿಳಿದು ಅವರನ್ನೂ ಬರೆದುಕೊಳ್ಳಲು ಹೇಳಿದ್ದರು. ಹೆಂಡತಿಗೆ ಐವತ್ತರ ಹತ್ತಿರ ವಯಸ್ಸು. ನನ್ನ ಇಂಗ್ಲಿಷಿಗೆ ನಾನು ಹೆದರುತ್ತ ಹೋದೆ. ಆಕೆಯ ಇಂಗ್ಲಿಷೂ ಅಷ್ಟಕ್ಕಷ್ಟೇ ಎಂದು ತಿಳಿದ ಮೇಲೆ ಇಬ್ಬರಿಗೂ ಧೈರ್ಯ ಬಂತು.

ಬಂಗಲೆಗೆ ಹಾಲು ಕೊಡುತ್ತಿದ್ದವಳು ಅದೇ ಅಜ್ಜಿ. ನನ್ನನ್ನು ನೋಡಿ ಚೊಂಬು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತಳು.

"ಈವಮ್ಮನಿಗೆ ಮಕ್ಕಳೆಷ್ಟು ಕೇಳವ್ವ."

ಕೇಳಿದೆ. ಒಬ್ಬನೇ ಮಗ.

"ಒಂದೇ? ಪಾಪ. ತಾಯಿ ಅವ್ಳಾ?"

ತಾಯಿ ಇದ್ದರು. ತಾಯಿಯ ತಾಯಿಯೂ ಇದ್ದರು, ತೊಂಬತ್ತು ದಾಟಿತ್ತು. ತಮ್ಮ ಬೀದಿಯಲ್ಲಿ ಅಂಥವರು ಇನ್ನೂ ಮೂವರಿದ್ದಾರೆ, ಚಿಕ್ಕ ಮಕ್ಕಳು ಮಾತ್ರ ನಾಲ್ಕೈದೇ ಎಂದು ಆಕೆ ಹೇಳಿದರು. ಅಜ್ಜಿಗೆ ಇದು ದಿಗಿಲಿನ ವಿಷಯವಾಗಿ ಕಂಡಿತು.

"ಬೀದಿಗೆ ನಾಕು ಮಕ್ಳು, ನಾಕು ಮುದುಕೀರಾ? ಹಂಗಾರೆ ಒಂದೊಂದು ಮಗೀಗೂ ಒಬ್ಬೊಬ್ಬ ಮುದುಕಿ ಬುದ್ಧಿ ಹೇಳ್ತಾ ಕೂತಿರ್ತಾಳೆ. ಆ ಮಕ್ಳು ಹೆಂಗೆ ಬದುಕ್ತವವ್ವ?"

ನಾನು ಇದನ್ನು ಹೇಗೋ ಇಂಗ್ಲಿಷಿಗೆ ತಿರುಗಿಸಿದೆ. ಆಕೆ ಜೋರಾಗಿ ನಕ್ಕು, ಅಜ್ಜಿಗೆ ಎಷ್ಟು ಮಕ್ಕಳು ಎಂದು ಕೇಳಿದರು.

"ಹನ್ನೊಂದು ಹೆತ್ತೆ. ಐದು ಉಳಿದ್ವು." ಅಜ್ಜಿ ಹಾಲಿನ ಲೆಕ್ಕ ಹೇಳುವಂತೆಯೇ ಹೇಳಿದಳು.

ನಾನು ಅದನ್ನೂ ಹೇಳಿದೆ. ಆಕೆಗೆ ಮೊದಲು ಅರ್ಥವಾಗಲಿಲ್ಲ. ಉಳಿದ ಆರು ಎಲ್ಲಿವೆ ಎಂದು ಕೇಳಿದರು. ತೀರಿಹೋದವು ಎಂದೆ. ಆಕೆ ಅಜ್ಜಿಯ ಕೈ ಹಿಡಿದುಕೊಂಡರು, ಕಣ್ಣಲ್ಲಿ ನೀರು ತುಂಬಿತು. ಹೆಡ್‌ಮೇಷ್ಟ್ರು ನಕಾಶೆಯ ಮುಂದೆ ಹೇಳಿದ ಸಾಯುವ ಹುಟ್ಟುವ ಮಾತು ಅಲ್ಲಿ ಆ ಮೆಟ್ಟಿಲ ಮೇಲೆ ಬೇರೆಯದೇ ಆಗಿತ್ತು.

ಅಜ್ಜಿ ಮಾತ್ರ ಆ ಕಣ್ಣೀರಿಗೆ ಬೇರೆ ಅರ್ಥ ಮಾಡಿಕೊಂಡಳು. ಆಕೆಯ ಕೈ ತಟ್ಟುತ್ತ ನನಗೆ ಹೇಳಿದಳು: "ಅಳ್ಬ್ಯಾಡ ಅನ್ನವ್ವ. ಒಂದೇ ಆಯ್ತು ಅಂತ ಕೊರಗ್ಬಾರದು. ಮೈಕೈ ಗಟ್ಟಿಯಾಗೈತೆ, ಇನ್ನೊಂದು ಆಯ್ತದೆ."

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಮರುದಿನ ಮಧ್ಯಾಹ್ನ ಅಜ್ಜಿ ನೇರವಾಗಿ ಶಾಲೆಗೆ ಬಂದಳು. ನಾನು ಮಗ್ಗಿ ಹೇಳಿಸುತ್ತಿದ್ದೆ. ಬಾಗಿಲಲ್ಲಿ ನಿಂತು, "ಮೇಷ್ಟ್ರಮ್ಮ, ಮೂರು ಬಿಟ್ಟೋಗವೆ," ಅಂದಳು.

"ಯಾವ ಮೂರು, ಕರುಗಳಾ?"

"ಮಕ್ಳೇ ಕಣವ್ವ. ಒಂಬತ್ತು ಅಂತ ತಿದ್ಕಾ. ಆವಮ್ಮನ ದೇಶದಾಗೆ ಒಂದೊಂದೇ ಅಂತೆ. ನಾವೂ ಕಮ್ಮಿ ಬರೆಸಿದ್ರೆ, ಇವ್ರೂ ನಮ್ಮಂಗೇ ಅಂತ ಅಂದ್ಕಬುಡ್ತಾರೆ."

ಸಂಜೆ ಅವರ ಮನೆಗೆ ಹೋಗಿ ತಲೆಗೊಂದರಂತೆ ಮೂರು ಚೀಟಿ ಬರೆದೆ. ಬರೆದು ಮುಗಿದ ಮೇಲೆ ಅಜ್ಜಿ ಉಪ್ಪು ಮೆಣಸಿನಕಾಯಿ ತಂದು ಒಂಬತ್ತು ಮಕ್ಕಳಿಗೂ ನಿವಾಳಿಸಿದಳು. ಕೊನೆಗೆ ನನ್ನ ಪುಸ್ತಕಕ್ಕೂ ನಿವಾಳಿಸಿ ಮೆಣಸಿನಕಾಯಿ ಒಲೆಗೆ ಹಾಕಿದಳು. ಕೆಮ್ಮುತ್ತ ಎದ್ದು ಬಂದೆ.

ಲೆಕ್ಕದ ಕಟ್ಟಳೆ ಹೀಗಿತ್ತು: ಮಾರ್ಚ್ ಒಂದನೆಯ ತಾರೀಖಿನ ಸೂರ್ಯೋದಯಕ್ಕೆ ಮುಂಚೆ ಹುಟ್ಟಿದವರು ಲೆಕ್ಕಕ್ಕೆ ಸೇರಬೇಕು, ಆಮೇಲೆ ಹುಟ್ಟಿದವರು ಸೇರಬಾರದು. ಅದನ್ನು ನೋಡಿ ಬರಲು ನಾವು ಮತ್ತೊಮ್ಮೆ ಮನೆಮನೆಗೆ ಹೋಗಬೇಕು. ಹೋದರೆ ಆ ಮನೆಯ ಕಿರಿಯ ಸೊಸೆಗೆ ಅದೇ ದಿನ ಬೆಳಗ್ಗೆ ಹೆಣ್ಣು ಮಗು ಹುಟ್ಟಿತ್ತು.

"ಬರ್ಕಾ," ಅಂದಳು ಅಜ್ಜಿ.

"ಹೊತ್ತು ಹುಟ್ಟೋ ಮುಂಚೆ ಹುಟ್ಟಿತಾ, ಆಮೇಲಾ?"

"ಮುಂಚೆ."

ಎರಡನೆಯ ಸೊಸೆ ನೀರು ಹೊತ್ತು ಬರುತ್ತ, "ಇಲ್ಲ ಕಣತ್ತೆ, ಬಣವೆ ಮೇಲೆ ಬೆಳಕು ಬಿದ್ದಿತ್ತು," ಅಂದಳು. ಅಜ್ಜಿ ಅವಳನ್ನು ನೋಡಿದ ನೋಟಕ್ಕೆ ಬೆಳಕೇ ಹಿಂದಕ್ಕೆ ಹೋಗಬೇಕಿತ್ತು.

ಆ ಹೊತ್ತಿಗೆ ತಪಾಸಣೆಗೆಂದು ತಾಲ್ಲೂಕು ಕಚೇರಿಯ ಶೇಕ್ದಾರರು ಬಂದರು, ಅವರ ಜೊತೆ ಪಂಚಾಂಗ ಹಿಡಿದುಕೊಂಡು ಹೆಡ್‌ಮೇಷ್ಟ್ರೂ ಬಂದರು. ಪಂಚಾಂಗದಲ್ಲಿ ಸೂರ್ಯೋದಯ ನಿಮಿಷದ ಸಮೇತ ಇತ್ತು. ಮನೆಯಲ್ಲಿ ಗಡಿಯಾರ ಮಾತ್ರ ಇರಲಿಲ್ಲ. ಹೆರಿಗೆ ಮಾಡಿಸಿದ ಮುದುಕಿಯನ್ನು ಕರೆಸಿದರೆ, "ನಾನು ಮಗೀನ ನೋಡ್ಲಾ, ಆಕಾಸ ನೋಡ್ಲಾ?" ಎಂದು ಕೇಳಿದಳು.

"ಅನುಮಾನ ಇದ್ದರೆ ಬಿಟ್ಟುಬಿಡಿ," ಅಂದರು ಶೇಕ್ದಾರರು.

ಅಜ್ಜಿ ಅವರ ಮುಂದೆ ಬಂದು ನಿಂತಳು. "ಬಿಟ್ರೆ ಹೆಂಗೆ ಸ್ವಾಮಿ? ಅದರ ಅಣ್ಣ ಅಕ್ಕಂದಿರೆಲ್ಲ ಸರ್ಕಾರದ ಪುಸ್ತಕದಾಗವ್ರೆ. ಇದೊಂದು ಹತ್ತು ವರ್ಷ ಲೆಕ್ಕಕ್ಕಿಲ್ದಂಗೆ ಬೆಳೀಬೇಕಾ? ನಂದು ಆರು ಹಂಗೇ ಹೋದವು, ಯಾವ ಪುಸ್ತಕದಾಗೂ ಇಲ್ಲ."

ಶೇಕ್ದಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಗ ಹಿರಿಯ ಸೊಸೆ ಒಳಗಿನಿಂದಲೇ, ಮಗು ಅತ್ತಾಗ ಬಂಗಲೆಯ ದೊರೆ ರಸ್ತೆಯಲ್ಲಿ ಹೋಗುತ್ತಿದ್ದ, ನಿಂತು ಕೇಳಿಸಿಕೊಂಡ, ಅವನ ಕೈಯಲ್ಲಿ ಗಡಿಯಾರ ಇತ್ತು ಅಂದಳು. ನಾವು ಮೂವರೂ ದೇವಸ್ಥಾನಕ್ಕೆ ಹೋದೆವು. ಆತ ಆನೆ ಬರೆಯುವುದನ್ನು ನಿಲ್ಲಿಸಿ ಜೇಬಿನಿಂದ ಸಣ್ಣ ಪುಸ್ತಕ ತೆಗೆದ. ಬೆಳಗಿನ ಬೆಳಕಿನಲ್ಲಿ ಗೋಡೆ ನೋಡಲು ಹೊರಟಿದ್ದು, ದಾರಿಯಲ್ಲಿ ಒಂದು ಮಗು ಹುಟ್ಟಿದ ಸದ್ದು ಕೇಳಿದ್ದು, ಆಗಿನ ವೇಳೆ, ಎಲ್ಲ ಬರೆದಿಟ್ಟಿದ್ದ. ತಮ್ಮ ಕಡೆ ಹೀಗೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಅದು ಕೇಳಿಸುವುದಿಲ್ಲ ಎಂದ. ಹೆಡ್‌ಮೇಷ್ಟ್ರು ಪಂಚಾಂಗ ಬಿಡಿಸಿ ಎರಡನ್ನೂ ಹೋಲಿಸಿದರು.

"ನಾಲ್ಕು ನಿಮಿಷ ಮುಂಚೆ," ಅಂದರು.

"ಬರೀಮ್ಮ," ಅಂದರು ಶೇಕ್ದಾರರು.

ಹೆಸರಿನ್ನೂ ಇಟ್ಟಿರಲಿಲ್ಲ. ಕೂಸು, ಹೆಣ್ಣು, ವಯಸ್ಸು ಸೊನ್ನೆ ಎಂದು ಬರೆದೆ. ನಾನು ಬರೆದ ಚೀಟಿಗಳಲ್ಲೆಲ್ಲ ವಯಸ್ಸಿನ ಬಗ್ಗೆ ನನಗೆ ಅನುಮಾನವೇ ಇಲ್ಲದಿದ್ದದ್ದು ಅದೊಂದೇ. ಅಜ್ಜಿ ನನಗೂ ಶೇಕ್ದಾರರಿಗೂ ಬಂಗಲೆಯ ದಂಪತಿಗಳಿಗೂ ಬೆಲ್ಲ ಕೊಬ್ಬರಿ ಹಂಚಿದಳು.

ಬೇಲೂರಿನಲ್ಲಿ ಪುಸ್ತಕ ಒಪ್ಪಿಸಿ ಆ ಭಾನುವಾರ ಅರಸೀಕೆರೆಯ ಬಸ್ಸು ಹತ್ತಿದೆ. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಕಾಫಿ ಸೋಸುತ್ತ, "ಇಲ್ಲಿಗೂ ಬಂದಿದ್ರು ಕಣೇ. ನಿನ್ನನ್ನೂ ಬರೆಸಿದೆ," ಅಂದರು.

"ಯಾಕಮ್ಮ? ನಾನು ಇರೋದು ಹಳೇಬೀಡಲ್ಲಿ. ಅಲ್ಲಿ ನಮ್ಮ ಹೆಡ್‌ಮೇಷ್ಟ್ರು ಬರ್ಕೊಂಡಿದ್ದಾರೆ."

"ಇರಲಿ ಬಿಡು. ಇದ್ದ ಒಬ್ಬ ಮಗಳನ್ನೂ ಇಲ್ಲ ಅನ್ನೋಕೆ ಆಗತ್ಯೇ?"

"ವಯಸ್ಸು ಎಷ್ಟು ಅಂತ ಬರೆಸಿದಿರಿ?"

ಅಮ್ಮ ಲೋಟ ನನ್ನ ಮುಂದಿಟ್ಟು ಸೆರಗು ಸರಿಮಾಡಿಕೊಂಡರು. "ಹತ್ತೊಂಬತ್ತು. ಬರ್ಕೊಳ್ಳೋಕೆ ಬಂದ ಮೇಷ್ಟ್ರ ತಮ್ಮ ರೈಲ್ವೆಯಲ್ಲಿ ಗುಮಾಸ್ತ. ಇನ್ನೂ ಮದುವೆ ಆಗಿಲ್ವಂತೆ."

ನನಗೆ ಆಗ ಇಪ್ಪತ್ತನಾಲ್ಕು. ಆ ಸಲದ ಲೆಕ್ಕದಲ್ಲಿ ನಾನೊಬ್ಬಳೇ ಇಬ್ಬರಾದೆ, ಇಬ್ಬರಿಗೂ ಐದು ವರ್ಷ ಅಂತರ. ಯಾರಿಗೂ ಹೇಳಲಿಲ್ಲ. ಗುಮಾಸ್ತರು ಮುಂದಿನ ತಿಂಗಳು ನೋಡಲು ಬಂದರು. ಹತ್ತೊಂಬತ್ತಕ್ಕೆ ಎರಡು ವರ್ಷ ಮೇಷ್ಟ್ರಿಕೆ ಹೇಗಾಯಿತು ಎಂದು ಕೇಳಿದರು. ನಾನು ನಿಜ ಹೇಳಿದೆ. ಅವರು, ತಮ್ಮ ವಯಸ್ಸೆಂದು ಅಣ್ಣ ಹೇಳಿದ್ದಕ್ಕೂ ನಾಲ್ಕು ವರ್ಷ ಸೇರಿಸಿಕೊಳ್ಳಬೇಕು ಅಂದರು. ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಏನೋ ಪಾತ್ರೆ ಬಿತ್ತು. ಮದುವೆ ಆ ಜೂನ್‌ನಲ್ಲಿ ಆಯಿತು.