ಒಂದು ಗಂಟೆಯ ಕೆಮ್ಮು

“ಅಕ್ಕಾ, ಒಂದರ ವಾರ್ತಾ ಇವತ್ತಿಂದ ಎರಡಕ್ಕ ಹಾಕ್ಯಾರಂತಲ್ರೀ!”

ಶಹಾಪುರ ಕಾಲುವೆ ಕೆಳಗಿನ ನಮ್ಮ ಗದ್ದೆಯಲ್ಲಿ ಪಕ್ಕದ ಮನೆಯ ನೀಲಮ್ಮ ಹೀಗೆಂದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೆ. ಆಗಲೇ ಒಂದೂವರೆಯಾಗಿತ್ತು. ಕಣ್ಣು ಕಾಣದ ನಮ್ಮ ಅತ್ತೆ ಸಕ್ಕರೆ ಕಾಯಿಲೆಯವರು. ನಾನು ಹಚ್ಚಿಟ್ಟು ಬಂದ ಟಿ.ವಿ.ಯಲ್ಲಿ ಒಂದರ ವಾರ್ತೆಯ ಸಂಗೀತ ಕೇಳಿದ ಮೇಲೆಯೇ ಊಟಕ್ಕೆ ಕೂಡುವವರು. ತಡವಾದರೆ ತಲೆ ತಿರುಗಿ ಬೀಳುತ್ತಾರೆ.

ಓಡಿ ಬಂದು ನೋಡಿದರೆ ಟಿ.ವಿ.ಯಲ್ಲಿ ಯಾವುದೋ ಧಾರಾವಾಹಿ. ಅತ್ತೆ ಉಂಡು, ಗಂಗಾಳ ತೊಳೆದಿಟ್ಟು, ಆರಾಮಾಗಿ ಕುಂತಿದ್ದರು.

“ಟೈಮ್ ಹೆಂಗ ತಿಳೀತ್ರಿ ಅತ್ತಿ?”

“ಏನ್ ಕೇಳ್ತೀ ಹುಚ್ಚಿ! ನಿಮ್ಮ ಮಾವ ಕುರ್ಚಿ ಎಳಕೊಂಡು ಕೆಮ್ಮಿದ್ರಲ್ಲ, ದಿನಾ ವಾರ್ತಾ ಬರೂ ಹೊತ್ತಿಗೆ ಕೆಮ್ಮೂಹಂಗ.”

ಮಾವ ತೀರಿಕೊಂಡು ಮೂರು ವರ್ಷ. ಮೂಲೆಗೆ ಸರಿಸಿಟ್ಟಿದ್ದ ಅವರ ಕುರ್ಚಿ ಟಿ.ವಿ. ಮುಂದಿತ್ತು. ಅದನ್ನು ನಾನು ಇನ್ನೂ ಎತ್ತಿಟ್ಟಿಲ್ಲ. ದಿನಾ ಅದರ ಸುತ್ತಲೇ ಕಸ ಗುಡಿಸುತ್ತೇನೆ.