‘ಅನಾನ್’ ಎಂಬ ಪದ, ಹಂಚಿದ ಸಕ್ಕರೆ

ನಮ್ಮಪ್ಪ ಜೇವರ್ಗಿಯ ತಹಸೀಲು ಕಚೇರಿಯಲ್ಲಿ ಗುಮಾಸ್ತರು. ಕಚೇರಿಯ ಕೆಲಸವೆಲ್ಲ ಉರ್ದುವಿನಲ್ಲಿ. ಇಂಗ್ಲಿಷು ಅವರ ಸ್ವಂತ ಹುಚ್ಚು. ಅದನ್ನು ನನಗೂ ಹಿಡಿಸಿದರು. ಹರಿದ ಒಂದು ಪದ್ಯದ ಪುಸ್ತಕದಿಂದ ಸಂಜೆ ಸಂಜೆ ಪಾಠ. ಇದರಿಂದ ನನ್ನ ಮದುವೆಗೆ ಅನುಕೂಲವೋ ತೊಡಕೋ ಎಂಬುದು ಅವ್ವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಯುದ್ಧದ ಕಾಲ. ಆಳಂದದಿಂದ ನನ್ನನ್ನು ನೋಡಲು ಬಂದರು. ಹುಡುಗ ನೆಲ ನೋಡುತ್ತ ಕೂತಿದ್ದ. ಮಾತೆಲ್ಲ ಅವನ ದೊಡ್ಡಪ್ಪನದು. ಅವರು ಅಲ್ಲಿಯ ವಕೀಲರು. ಅಪ್ಪ ಪುಸ್ತಕ ತಂದು ನನ್ನಿಂದ ಓದಿಸಿದರು. ಒಂದು ಸಾಲಿನಲ್ಲಿ ‘ಅನಾನ್’ ಎಂಬ ಹಳೆಯ ಪದ ಬಂತು.

“ಅದರ ಅರ್ಥ ಏನು ತಂಗಿ?” ಎಂದರು ವಕೀಲರು.

“ಸ್ವಲ್ಪ ಹೊತ್ತಿನ್ಯಾಗ ಅಂತ್ರಿ.”

“ಖರೇ ಅದ. ಆದ್ರ ಮೊದಲ ಹಂಗ ಇದ್ದಿಲ್ಲ.”

ಅವರು ಕಾಲು ಮಡಿಚಿ ಹುರುಪಿನಿಂದ ಹೇಳತೊಡಗಿದರು. ಬಹಳ ಹಿಂದೆ ಅದು ‘ಒಂದರೊಳಗೆ’ ಎನ್ನುವ ಎರಡು ಪದವಾಗಿತ್ತಂತೆ. ಅದರಿಂದ ನೇರವಾಗಿ, ತಡವಿಲ್ಲದೆ, ಈ ಕ್ಷಣವೇ ಎಂಬ ಅರ್ಥ. ಆದರೆ ‘ಈ ಕ್ಷಣವೇ ಬಂದೆ’ ಎಂದು ಕೂಗಿ ಕೂತಲ್ಲೇ ಕೂರುವವರು ಹೆಚ್ಚಾಗಿ, ಪದವೇ ಸೋತು ‘ಆಮೇಲೆ’ಗೆ ಇಳಿಯಿತಂತೆ. “ಪದದ್ದೇನೂ ತಪ್ಪಿಲ್ರಿ, ಮಂದೀದು,” ಎಂದು ನಕ್ಕರು. ಅಪ್ಪನ ಮುಖ ಅರಳಿತು. ನಮ್ಮ ಮನೆಯಲ್ಲಿ ಕೂತು ಅವರೊಂದಿಗೆ ಇಂಗ್ಲಿಷಿನ ಸುದ್ದಿ ಆಡಿದ ಮೊದಲ ಮನುಷ್ಯ ಈ ವಕೀಲರೇ. ಇಬ್ಬರೂ ಹೊತ್ತು ಮರೆತರು, ನನ್ನನ್ನೂ ಮರೆತರು.

ಬಂದವರು ಅವಲಕ್ಕಿ ತಿಂದರು, ಸಿಹಿ ಮುಟ್ಟಲಿಲ್ಲ. ಹೊರಡುವಾಗ ವಕೀಲರು “ಹೇಳಿ ಕಳಸ್ತೇವ್ರಿ” ಎಂದರು. ನಮ್ಮ ಕಡೆ ಒಪ್ಪಿದವರು ಅಲ್ಲೇ ಬಾಯಿ ಸಿಹಿ ಮಾಡಿಕೊಳ್ಳುತ್ತಾರೆ; ಹೇಳಿ ಕಳಿಸುತ್ತೇವೆ ಎಂದರೆ ಬೇಡ ಎಂದೇ. ಓಣಿಯ ಕೂಸಿಗೂ ಗೊತ್ತಿರುವ ವಿಷಯ. ಅಪ್ಪ ಮಾತ್ರ, ಒಂದು ಪದದ ಬೇರು ಹಿಡಿದು ಅಷ್ಟು ಹೊತ್ತು ಕೂತವರು ಒಲ್ಲೆ ಅಂದಾರೆಯೇ ಎಂದುಕೊಂಡರು. ಮರುದಿನ ಬೆಳಿಗ್ಗೆ ಅವ್ವ ನೀರಿಗೆ ಹೋದಾಗ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟರು. ಸಕ್ಕರೆ ಹಂಚಿದರೆ ಮಗಳ ಮದುವೆ ಗೊತ್ತಾಯಿತೆಂದು ಡಂಗುರ ಸಾರಿದಂತೆ. ಅದೂ ರೇಷನ್ನಿನ ಸಕ್ಕರೆ, ಹಬ್ಬಕ್ಕೆಂದು ಅವ್ವ ಎತ್ತಿಟ್ಟದ್ದು.

“ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಿ,” ಎಂದಳು ಅವ್ವ.

ಸುದ್ದಿ ಬರಲಿಲ್ಲ. ಬಾವಿಯ ಹತ್ತಿರ ಹೆಂಗಸರು “ಮುಹೂರ್ತ ಯಾವಾಗ ಬೇ?” ಎಂದು ಕೇಳುತ್ತಿದ್ದರು. ನಾನು ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಬರುತ್ತಿದ್ದೆ. ಅಪ್ಪನನ್ನು ಯಾರು ಕೇಳಿದರೂ “ಈಗ ಬರ್ತದ್ರಿ ಸುದ್ದಿ” ಎನ್ನುವರು. ಬರಬರುತ್ತ ಆ ಮಾತು ಮೆತ್ತಗಾಯಿತು. ನನಗಾದದ್ದು ಬೇಡವೆನಿಸಿಕೊಂಡ ಹುಡುಗಿಯ ನಾಚಿಕೆ ಅಷ್ಟೇ ಅಲ್ಲ. ಅಪ್ಪನ ಆಸೆ ಎಲ್ಲರ ಕಣ್ಣಿಗೂ ಬಿತ್ತಲ್ಲ, ಅದರ ನಾಚಿಕೆ.

ಕಡೆಗೆ ಅವ್ವ ಮನೆಮನೆಗೆ ಹೋಗಿ, ಆ ಸಕ್ಕರೆ ನಾನು ಪರೀಕ್ಷೆ ಪಾಸಾದದ್ದಕ್ಕೆ ಎಂದು ಹೇಳಿ ಬಂದಳು. ಯಾವ ಪರೀಕ್ಷೆಗೂ ನಾನು ಕೂತಿರಲಿಲ್ಲ. ಎದುರು ಮನೆಯ ಮುದುಕಿ, “ಹೌದವ್ವಾ, ಅವತ್ತ ಹಂಚೂವಾಗೂ ನಿಮ್ಮವ್ರು ಹಂಗ ಹೇಳಿದ್ರಲ್ಲ,” ಎಂದಳಂತೆ. ಓಣಿಯೆಲ್ಲ ನಂಬಿದಂತೆ ನಟಿಸಿತು. ಮುಹೂರ್ತದ ಮಾತು ನಿಂತಿತು. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ನಗದವರ ಮುಂದೆ ತಲೆ ಎತ್ತುವುದು ಹೇಗೆ? ಅಪ್ಪ ಪಾಠ ಹೇಳುವುದನ್ನು ಬಿಟ್ಟರು.

ಮುಂದೆ ಅಫಜಲಪುರದವರು ಬಂದರು. ಇಂಗ್ಲಿಷಿನ ಸುದ್ದಿ ಎತ್ತಲಿಲ್ಲ, ಕೂತಲ್ಲೇ ಒಪ್ಪಿ ಬಾಯಿ ಸಿಹಿ ಮಾಡಿಕೊಂಡರು. ಅವರನ್ನು ಕಳಿಸಿ ಬಂದ ಅವ್ವ ನಗುತ್ತ ಸಕ್ಕರೆ ಡಬ್ಬಿ ತೆಗೆದು ಹೊರಟಳು. ಅಪ್ಪ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು.

“ಮೊದಲ ಕೊರಳಾಗ ತಾಳಿ ಬೀಳ್ಲಿ,” ಎಂದರು, ಅವಳ ಮುಖ ನೋಡದೆ. “ಆಮ್ಯಾಲ ಹಂಚಿದ್ರಾತು.”