ಆರತಿಯ ಮೇಲೆ ನಿಂತ ಚಿತ್ರ

ಎಲ್ಲಿಯಾದರೂ ಅಂಗಡಿಯ ಶಟರ್ ಇಳಿಯುವ ಸದ್ದು ಕೇಳಿದರೆ ನನ್ನ ಕೈಗಳು ಈಗಲೂ ತಾವಾಗಿ ಮಡಿಲಿಗೆ ಸರಿಯುತ್ತವೆ.

ವಿದ್ಯಾನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಕಮರಿಪೇಟೆಯ ಒಂದು ಸ್ಟುಡಿಯೋದಲ್ಲಿ ಮದುವೆಯ ವಿಡಿಯೋ ಎಡಿಟ್ ಮಾಡುವ ಕೆಲಸಕ್ಕೆ ಸೇರಿದ್ದೆ. ದೊಡ್ಡ ಕ್ಯಾಸೆಟ್ಟುಗಳ ಕಾಲ ಮುಗಿದು ಎಲ್ಲರೂ ಸಿ.ಡಿ. ಕೇಳತೊಡಗಿದ್ದ ವರ್ಷಗಳವು. ಒಂದು ದೃಶ್ಯದಿಂದ ಇನ್ನೊಂದಕ್ಕೆ ಸುಮ್ಮನೆ ಹೋಗಕೂಡದು, ಪ್ರತಿ ಸಲವೂ ಎಫೆಕ್ಟ್ ಹಾಕಬೇಕು ಎಂಬುದು ಮಾಲೀಕರ ಕಟ್ಟಪ್ಪಣೆ. ಹೂವು ಅರಳಿಸುತ್ತಿದ್ದೆ, ಪುಟ ಮಗುಚುತ್ತಿದ್ದೆ, ಏನೂ ಹೊಳೆಯದಿದ್ದರೆ ಡಿಸಾಲ್ವ್ ಹಾಕುತ್ತಿದ್ದೆ. ಅದರಲ್ಲಿ ಹಳೆಯ ಚಿತ್ರ ಕರಗುತ್ತಿರುವಾಗಲೇ ಅದರೊಳಗಿಂದ ಹೊಸದು ಮೂಡುತ್ತದೆ.

ಒಂದು ತಾಸಿನ ಮದುವೆ ಸಿ.ಡಿ.ಯ ಫಾರ್ಮ್ಯಾಟಿಗೆ ಬದಲಾಗಲು ಇಡೀ ದಿನ ಹಿಡಿಯುತ್ತಿತ್ತು. ಹಾಗೊಂದು ಮದುವೆಯ ಕನ್ವರ್ಷನ್ ಒಂದು ಡಿಸಾಲ್ವ್ ಹತ್ತಿರ ಎರಡು ಸಲ ನಿಂತುಬಿಟ್ಟಿತು. ಎಫೆಕ್ಟ್ ತೆಗೆದು ನೋಡಬೇಕಿತ್ತು. ಮೂರನೆಯ ಸಲ ತಡವರಿಸಿ ತಾನೇ ಮುಂದೆ ಹೋಯಿತು, ನಾನೂ ಬಿಟ್ಟುಬಿಟ್ಟೆ. ಮುಗಿದ ಸಿ.ಡಿ.ಯ ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ನೋಡಿ ಡಬ್ಬಿಗೆ ಹಾಕುವುದು ನಮ್ಮಲ್ಲಿ ರೂಢಿ. ಹಾಗೆಯೇ ಮಾಡಿದೆ.

ಒಂದೂವರೆ ತಿಂಗಳ ಮೇಲೆ ಒಂದು ಮಧ್ಯಾಹ್ನ ಆ ಮದುವೆಯ ಮದುಮಗನ ಅಣ್ಣ ಒಳಗೆ ಬಂದ. ಅವನ ಹಿಂದೆ ಮದುಮಗಳ ತಾಯಿ, ಉಪ್ಪಿನಬೆಟಗೇರಿಯಿಂದ ಬೆಳಗಿನ ಬಸ್ಸಿಗೆ ಬಂದವಳು. ಗಂಡ ತೀರಿಹೋದವಳು, ಬರಿ ಹಣೆ. ಅವನು ಸಿ.ಡಿ.ಯನ್ನು ಮೇಜಿನ ಮೇಲೆ ಒಗೆದು ಹಚ್ಚಲು ಹೇಳಿದ.

ಐದು ಮಂದಿ ಮುತ್ತೈದೆಯರು ವಧೂವರರಿಗೆ ಆರತಿ ಬೆಳಗುತ್ತಿದ್ದರು. ಅಲ್ಲಿ ಚಿತ್ರ ಗಕ್ಕನೆ ನಿಂತಿತು. ವಾದ್ಯದ ಸದ್ದು ನಡೆದೇ ಇತ್ತು. ಅರ್ಧ ಕರಗಿದ ಆರತಿಯೊಳಗೆ ಅರ್ಧ ಮೂಡಿದ ತಾಯಿ. ಅವಳ ಎತ್ತಿದ ಕೈ ಸರಿಯಾಗಿ ತಟ್ಟೆಯ ಮೇಲೆ. ಹತ್ತು ಸೆಕೆಂಡು ಹಾಗೇ ಇತ್ತು. ಐವರ ನಡುವೆ ನುಗ್ಗಿ ವಿಧವೆಯೊಬ್ಬಳು ಆರತಿಗೆ ಕೈ ಹಚ್ಚಿದ್ದಾಳೆ ಎಂದೇ ಯಾರಾದರೂ ಹೇಳಬೇಕು.

ಮದುಮಗ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದನಂತೆ. ಮನೆಯವರು ಕಾರಣ ಹುಡುಕಿದ್ದರು, ಸಿ.ಡಿ.ಯಲ್ಲಿ ಸಿಕ್ಕಿತ್ತು. ಹುಡುಗಿಯನ್ನು ತವರಿಗೆ ಅಟ್ಟಿ ಹನ್ನೆರಡು ದಿನವಾಗಿತ್ತು. ತಾಯಿ ತಾನು ಕೈ ಹಚ್ಚಿಲ್ಲವೆಂದು ಪಟ್ಟು ಹಿಡಿದಿದ್ದಳು. ಸುಳ್ಳೆಂದು ಗೊತ್ತಾದರೆ ಹುಡುಗಿ ಮತ್ತೆ ಹೊಸ್ತಿಲು ತುಳಿಯುವ ಹಾಗಿಲ್ಲ ಎಂದು ಅವನು ನಮ್ಮೆದುರೇ ಹೇಳಿದ.

ಅವಳು ನನ್ನ ಕಡೆಗೇ ತಿರುಗಿದಳು. "ನಾ ಕಂಬದ ಬಾಜೂಕ ನಿಂತಿದ್ದೆ, ತಂಗಿ. ನನ್ನ ಮಗಳಿಗೆ ಕೇಡಾಗೂದು ನಾನ ಮಾಡ್ತೇನೇನು?"

ಮಾಲೀಕರು ಕ್ಯಾಮೆರಾ ಕಂಡದ್ದೇ ಸಿ.ಡಿ.ಯಲ್ಲಿ ಬಂದಿದೆ, ತಮ್ಮ ಕೆಲಸದಲ್ಲಿ ತಪ್ಪಿಲ್ಲ ಎಂದುಬಿಟ್ಟರು. ಅದು ಸುಳ್ಳೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಎರಡು ಬೇರೆ ಬೇರೆ ದೃಶ್ಯಗಳು ಒಂದರ ಮೇಲೊಂದು ಸಿಕ್ಕಿಬಿದ್ದಿವೆ, ಅದು ಎಫೆಕ್ಟು, ತಪ್ಪು ನನ್ನದು ಎಂದೆ.

"ಸಾಲಿ ಕಲ್ತಾಕಿ ಅಂತ ನಮಗ ಕಥಿ ಹೇಳಾಕತ್ತಿಯೇನು?" ಎಂದ ಅವನು. "ಖರೇ ಇದ್ರ ಮೊದಲಿನ ಟೇಪ್ ತೋರ್ಸು."

ಟೇಪುಗಳನ್ನು ನಾವು ತಿಂಗಳಾದ ಮೇಲೆ ಬೇರೆ ಸಮಾರಂಭಕ್ಕೆ ಬಳಸುತ್ತಿದ್ದೆವು. ಅದು ಅಳಿಸಿಹೋಗಿದೆ ಎಂದು ಮಾಲೀಕರು ಗೊಣಗಿದರು. ಆಗಲೇ ಅವನು ಶಟರ್ ಎಳೆದದ್ದು. ಮೂಲೆಯಲ್ಲಿದ್ದ ಲೈಟಿನ ಕಬ್ಬಿಣದ ಸ್ಟ್ಯಾಂಡು ಅವನ ಕೈಯಲ್ಲಿತ್ತು. ಬೀಸಿದ ಏಟಿಗೆ ಮಾಲೀಕರು ಬಗ್ಗಿದರು. ಸ್ಟ್ಯಾಂಡು ನನ್ನೆದುರಿನ ಕೀಬೋರ್ಡಿನ ಮೇಲೆ ಬಿತ್ತು. ಗುಂಡಿಗಳು ಸಿಡಿದು ನನ್ನ ಮುಖಕ್ಕೆ ಹೊಡೆದವು. ಬೆರಳುಗಳನ್ನು ಅಲ್ಲಿಂದ ಎತ್ತಿದ್ದೆನೋ, ತಾವೇ ಎದ್ದವೋ, ಇಂದಿಗೂ ಗೊತ್ತಿಲ್ಲ. ಅವನು ಮತ್ತೆ ಎತ್ತುವಷ್ಟರಲ್ಲಿ ಆ ತಾಯಿ ಸ್ಟ್ಯಾಂಡಿನ ಕಾಲನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು.

"ಮೊದ್ಲು ಆ ಟೇಪ್ ಹುಡುಕಿ ನೋಡೂಣ್ರಿ," ಎಂದಳು. "ನಂದ ತಪ್ಪಿದ್ರ ಅದರಿಂದ ನನ್ನ ಹೊಡೀರಿ."

ಡ್ರಾಯರಿನಲ್ಲಿ ಟೇಪು ಸಿಕ್ಕಿತು. ಮದುವೆಯ ಚೀಟಿಯ ಮೇಲೆ ಯಾರದೋ ಸೀಮಂತದ ಚೀಟಿ ಅಂಟಿಸಿದ್ದರು. ಅದನ್ನು ಕ್ಯಾಮೆರಾದೊಳಗೆ ಹಾಕಿ, ಕ್ಯಾಮೆರಾವನ್ನು ಟಿ.ವಿ.ಗೆ ಜೋಡಿಸಿದೆ. ಹಸಿರು ಸೀರೆಯ ಬಸುರಿ, ಬಳೆ, ಊಟ, ಮತ್ತೆ ಬಸುರಿ. ಅರ್ಧ ಟೇಪು ಸೀಮಂತವೇ ತಿಂದಿತ್ತು. ಆಮೇಲೆ ಪರದೆ ನೀಲಿಯಾಗಿ, ಒಮ್ಮೆ ಚಿಮ್ಮಿ, ಮದುವೆ ಬಂತು.

ಆರತಿ ಬಂತು. ಐದೇ ಹೆಂಗಸರು. ದೃಶ್ಯ ಮುಗಿಯಿತು. ಮುಂದಿನದರಲ್ಲಿ ದೂರದ ಕಂಬದ ಪಕ್ಕದಲ್ಲಿ ತಾಯಿ ಒಬ್ಬಳೇ, ಸೆರಗಿನಿಂದ ಕಣ್ಣೊರೆಸಲು ಕೈ ಎತ್ತಿದ್ದಳು.

ಅವನು ಎರಡು ಸಲ ಹಿಂದಕ್ಕೆ ಓಡಿಸಿ ನೋಡಿದ. ಕ್ಷಮೆ ಕೇಳುತ್ತಾನೆಂದು ಕಾದೆ.

"ಕ್ಯಾಮೆರಾಕ್ಕ ಕಾಣೂಹಂಗ ಯಾಕ ನಿಂತಿದ್ದಿ?" ಎಂದ ಅವಳಿಗೆ. ನನ್ನ ಕಡೆ ತಿರುಗಿ, "ಈಕಿನ್ನ ಪೂರಾ ತಗದು ಹೊಸಾದು ಮಾಡಿಕೊಡು. ಅದನ್ನ ಮನ್ಯಾಗ ತೋರಿಸಿ ಹುಡುಗಿನ್ನ ಕರ್ಕೊಂಡು ಹೋಗ್ತೇವಿ."

ಹಾಗೆ ಮಾಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನ ಮೊಣಕೈ ಮುಟ್ಟಿದಳು.

"ತಗದ ಬಿಡು ತಂಗಿ. ಲಗೂ ಮಾಡಿಕೊಡು."

ಮರುದಿನ ಹೊಸ ಕೀಬೋರ್ಡು ಹಚ್ಚಿ, ಹಳೆಯ ಸಿ.ಡಿ.ಯನ್ನೇ ಕಂಪ್ಯೂಟರಿಗೆ ಇಳಿಸಿ, ಆರತಿಯನ್ನಷ್ಟೇ ಟೇಪಿನಿಂದ ತೆಗೆದುಕೊಂಡು ಕೂತೆ. ಕಂಬದ ಪಕ್ಕದಿಂದ ಅವಳನ್ನು ತೆಗೆದೆ, ಊಟದ ಪಂಕ್ತಿಯಿಂದ ತೆಗೆದೆ. ಮಗಳನ್ನು ಕಳಿಸುವಾಗ ಇಬ್ಬರೂ ತಬ್ಬಿಕೊಂಡಿದ್ದರು. ಅಲ್ಲಿ ಒಬ್ಬಳನ್ನಷ್ಟೇ ತೆಗೆಯಲು ಬರುವಂತಿರಲಿಲ್ಲ, ಇಡೀ ದೃಶ್ಯವನ್ನೇ ಅಳಿಸಿದೆ. ಹೊಸ ಸಿ.ಡಿ.ಯಲ್ಲಿ ಹುಡುಗಿ ಮಂಟಪದಿಂದ ನೇರವಾಗಿ ಜೀಪಿನಲ್ಲಿ ಕೂತಳು, ಅತ್ತ ಕಣ್ಣಲ್ಲಿ. ಯಾಕೆ ಅತ್ತಿದ್ದಳೆಂದು ನೋಡಿದವರಿಗೆ ತಿಳಿಯುವುದಿಲ್ಲ. ಕತ್ತರಿಸಿದಲ್ಲಿ ಎಲ್ಲಿಯೂ ಎಫೆಕ್ಟ್ ಹಾಕಲಿಲ್ಲ. ಮಾಲೀಕರು ಕೇಳಲೂ ಇಲ್ಲ.

ಸಿ.ಡಿ. ಒಯ್ದ ಎರಡು ದಿನಕ್ಕೆ ಹುಡುಗಿಯನ್ನು ಕರೆದುಕೊಂಡು ಹೋದರೆಂದು ತಿಳಿಯಿತು. ಕೊಡುವ ಮೊದಲು ಆ ಸಲ ಇಡೀ ತಾಸು ಕೂತು ನೋಡಿದ್ದೆ. ಚಿತ್ರ ಎಲ್ಲಿಯೂ ನಿಲ್ಲಲಿಲ್ಲ.